ಡಾಕ್ಯುಮೆಂಟರಿ ಮಾಡ್ಬೇಕು ಅಂತಿದ್ರೆ ಪ್ರೊಡ್ಯೂಸರ್ ಕೆಲಸಾನೂ ಕಲೀರಿ

ಡಾಕ್ಯುಮೆಂಟರಿ ಮಾಡ್ತೀನಿ ಅನ್ನೋರು ಮೊದಲು ಕೇಳೋದೇ ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ಕ್ಯಾಮೆರಾ ಬಾಡಿಗೆಗೂ ಸಿಗುತ್ತೆ, ಅದನ್ನ ಆಮೇಲೆ ನೋಡ್ಕೊಳ್ಳಿ. ಮೊದಲು ನೀವು ವರ್ಷಗಟ್ಟಲೆ ಹೋಗಿ ಬಂದು ಮಾಡೋಕಾಗೋ ವಿಷಯ ಹುಡುಕಿ, ಬಸ್ಸಲ್ಲಿ ಹೋಗಿ ಸಂಜೆ ವಾಪಸ್ ಬರೋಷ್ಟು ದೂರದಲ್ಲಿದ್ರೆ ಇನ್ನೂ ಒಳ್ಳೇದು. ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್' ದೆಹಲೀಲಿ ಗಾಯಗೊಂಡ ಹದ್ದುಗಳಿಗೆ ಚಿಕಿತ್ಸೆ ಮಾಡೋ ಅಣ್ಣತಮ್ಮಂದಿರ ಕಥೆ, ಅದಕ್ಕೆ 2022ರಲ್ಲಿ ಅಮೆರಿಕದ ಸನ್‌ಡಾನ್ಸ್, ಫ್ರಾನ್ಸಿನ ಕಾನ್ ಎರಡೂ ಫಿಲ್ಮ್ ಫೆಸ್ಟಿವಲ್‌ಗಳಲ್ಲಿ ಪ್ರಶಸ್ತಿ ಬಂತು. ಜಾಗ ಚಿಕ್ಕದಾದ್ರೂ ಪರವಾಗಿಲ್ಲ, ಒಳಗೆ ಬಿಟ್ಕೊಳ್ಳೋ ಜನ ಬೇಕು.

ಆ ಜನರ ಹತ್ರ ಮೊದಮೊದಲು ಬರಿಗೈಲಿ ಹೋಗಿ ಕೂತ್ಕೊಳ್ಳಿ, ಏನು ಶೂಟ್ ಮಾಡ್ತೀವಿ, ಎಲ್ಲೆಲ್ಲಿ ತೋರಿಸ್ತೀವಿ ಅಂತ ಬಿಡಿಸಿ ಹೇಳಿ, ಒಪ್ಪಿಗೆ ಪತ್ರ ಕನ್ನಡದಲ್ಲೇ ಬರೆಸಿ ಓದಿ ಹೇಳಿ ಸಹಿ ಹಾಕಿಸ್ಕೊಳ್ಳಿ. ಓದೋಕೆ ಬರದೇ ಇರೋರಿದ್ರೆ ಒಪ್ಪಿಗೇನ ವಿಡಿಯೋದಲ್ಲೂ ರೆಕಾರ್ಡ್ ಮಾಡಿ. ಮುಂದೆ ಚಾನೆಲ್ಲೋ ಒಟಿಟಿನೋ ತಗೊಳ್ಳೋಕೆ ಬಂದಾಗ ಮೊದಲು ಕೇಳೋದ್ರಲ್ಲಿ ಈ ಪೇಪರ್‌ಗಳೂ ಇರ್ತವೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ, ಟೀ ಅಂಗಡಿ ಸೀನ್ ಶೂಟ್ ಮಾಡ್ವಾಗ ಹಿಂದ್ಗಡೆ ರೇಡಿಯೋದಲ್ಲಿ ಸಿನಿಮಾ ಹಾಡು ಬರ್ತಿದ್ರೆ ಆ ಹಾಡಿನ ಹಕ್ಕಿನ ಪ್ರಶ್ನೆ ನಿಮ್ಮ ತಲೆಗೇ ಬರುತ್ತೆ, ಅದಕ್ಕೆ ಅಂಗಡಿಯವ್ರನ್ನ ಕೇಳ್ಕೊಂಡು ಐದು ನಿಮಿಷ ಆಫ್ ಮಾಡಿಸಿ.

ಸೌಂಡ್ ಬಗ್ಗೆ ಗಟ್ಟಿಯಾಗಿ ಹೇಳ್ತೀನಿ. ಪಿಕ್ಚರ್ ಸ್ವಲ್ಪ ಅಲ್ಲಾಡಿದ್ರೂ ಜನ ನೋಡ್ತಾರೆ, ಮಾತು ಕೇಳಿಸ್ಲಿಲ್ಲ ಅಂದ್ರೆ ಎದ್ದು ಹೋಗ್ತಾರೆ. ದುಡ್ಡು ಕಮ್ಮಿ ಇದ್ರೆ ಲೆನ್ಸ್ ಬಿಟ್ಟು ಒಳ್ಳೆ ಕಾಲರ್ ಮೈಕ್‌ಗೆ ಹಾಕಿ, ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಅಲ್ಲಿನ ಶಬ್ದ ರೆಕಾರ್ಡ್ ಮಾಡ್ಕೊಳ್ಳಿ, ಎಡಿಟಿಂಗಲ್ಲಿ ಕಟ್ ಮುಚ್ಚೋಕೆ ಅದೇ ಬೇಕಾಗೋದು. ಅವತ್ತಿನ ಫೂಟೇಜ್ ಅವತ್ತೇ ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ, ಎರಡನ್ನೂ ಒಂದೇ ಬ್ಯಾಗಲ್ಲಿ ಇಡ್ಬೇಡಿ.

ಈಗ ದುಡ್ಡಿನ ಮಾತು. ಪೂರ್ತಿ ಸಿನಿಮಾ ಮುಗಿಸ್ಕೊಂಡು ಪ್ರೊಡ್ಯೂಸರ್ ಹುಡುಕ್ಬೇಡಿ, ಎರಡು ಮೂರು ಸೀನ್ ಶೂಟ್ ಆದ್ಮೇಲೇ ಒಂದು ಚಿಕ್ಕ ಟ್ರೈಲರ್ ಕಟ್ ಮಾಡಿ, ಒಂದು ಪುಟದ ಕಥೆ, ಬಜೆಟ್ ಜೊತೆಗೆ ಇಟ್ಕೊಂಡು ಅರ್ಜಿ ಹಾಕೋಕೆ ಶುರು ಮಾಡಿ. ಕಲೆಗೆ ಸಂಬಂಧಪಟ್ಟ ವಿಷಯ ಆದ್ರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಗ್ರಾಂಟ್ ನೋಡಿ, ಹೊರದೇಶದ ದುಡ್ಡಿಗೆ ಆಮ್‌ಸ್ಟರ್‌ಡ್ಯಾಮಿನ ಡಾಕ್ಯುಮೆಂಟರಿ ಫೆಸ್ಟಿವಲ್ ಇಡ್ಫಾದ ಬರ್ತಾ ಫಂಡ್ ಇದೆ, ಕೋಲ್ಕತ್ತಾದ ಡಾಕ್‌ಎಡ್ಜ್ ಅನ್ನೋ ಡಾಕ್ಯುಮೆಂಟರಿ ವೇದಿಕೇಲಿ ವಿದೇಶಿ ಚಾನೆಲ್‌ನವರ ಮುಂದೇನೇ ನಿಂತು ಪಿಚ್ ಮಾಡ್ಬೋದು, ಅಂದ್ರೆ ನಿಮ್ಮ ಸಿನಿಮಾ ಬಗ್ಗೆ ಹೇಳಿ ದುಡ್ಡು ಕೇಳ್ಬೋದು. ಬಜೆಟ್‌ನಲ್ಲಿ ನಿಮ್ಮ ಸಂಬಳಾನೂ ಬರೀರಿ ದಯವಿಟ್ಟು, ಸೊನ್ನೆ ಹಾಕಿದ್ರೆ ಎರಡನೇ ಸಿನಿಮಾ ಮಾಡೋಕೆ ನೀವು ಫೀಲ್ಡಲ್ಲೇ ಇರಲ್ಲ. ಮದುವೆ ವಿಡಿಯೋ, ಎನ್‌ಜಿಒ ಫಿಲ್ಮು, ಕಾರ್ಪೊರೇಟ್ ಕೆಲಸ ಮಾಡ್ಕೊಂಡೇ ಎಷ್ಟೋ ಜನ ಇದರಲ್ಲಿ ನಿಂತಿರೋದು, ಅದರಲ್ಲಿ ನಾಚಿಕೆ ಏನಿಲ್ಲ.

ಮುಗಿದ್ಮೇಲೆ ಅವಸರಕ್ಕೆ ಯೂಟ್ಯೂಬ್‌ಗೆ ಹಾಕ್ಬೇಡಿ, ಪ್ರೀಮಿಯರ್, ಅಂದ್ರೆ ಮೊದಲ ಪ್ರದರ್ಶನ, ನಮ್ಮಲ್ಲೇ ಆಗ್ಬೇಕು ಅನ್ನೋ ಫೆಸ್ಟಿವಲ್‌ಗಳು ಇದಾವೆ. 1990ರಿಂದ ನಡೀತಿರೋ ಮುಂಬೈ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ, ತಿರುವನಂತಪುರದ ಡಾಕ್ಯುಮೆಂಟರಿ ಫೆಸ್ಟಿವಲ್ ಎರಡಕ್ಕೂ ನಿಯಮ ಓದ್ಕೊಂಡು ಕಳಿಸಿ. ಥಿಯೇಟರಲ್ಲಿ ಹಾಕೋದಾದ್ರೆ ಡಾಕ್ಯುಮೆಂಟರಿಗೂ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಟೈಮ್ ಇಟ್ಕೊಳ್ಳಿ. ಫೆಸ್ಟಿವಲ್ ರೌಂಡ್ ಮುಗಿಯೋ ತನಕ ಕೇಳ್ದೋರಿಗೆಲ್ಲ ಪಾಸ್‌ವರ್ಡ್ ಹಾಕಿದ ಲಿಂಕ್ ಕೊಡಿ, ಸಾಕು.