ಕರೆಂಟ್ ನೆಚ್ಚಿಕೊಳ್ಳದೆ ಪೂಲ್ ಉಳಿಸುವುದು: ಡಾಲಸ್ ಚಳಿಯಲ್ಲಿ ನನ್ನ ಅನುಭವ

ಡಾಲಸ್ ಸುತ್ತಮುತ್ತ ಮನೆಯಲ್ಲಿ ಪೂಲ್ ಇರುವ ನಮ್ಮವರಿಗೆಲ್ಲ ಸಿಗುವ ಸಲಹೆ ಒಂದೇ: ಚಳಿ ಜೋರಾದರೆ ಪಂಪ್ ನಿಲ್ಲಿಸಬೇಡಿ, ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ. ಕರೆಂಟ್ ಇರುವ ತನಕ ಅದು ಸರಿ. 2021ರ ಫೆಬ್ರವರಿ 15ರ ನಸುಕಿನಲ್ಲಿ ಕರೆಂಟೇ ಹೋಯಿತು. ಮರುದಿನ ಇಲ್ಲಿ ಮೈನಸ್ 2 ಫ್ಯಾರನ್‌ಹೀಟ್, ಅಂದರೆ ಮೈನಸ್ 19 ಸೆಲ್ಸಿಯಸ್. ನೀರು ಗಡ್ಡೆಯಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ನಿಂತ ಪಂಪು, ಫಿಲ್ಟರು, ಹೀಟರುಗಳೆಲ್ಲ ಊರ ತುಂಬ ಸೀಳಿದವು.

ಅಂದಿನಿಂದ ನಾನು ಮಾಡುವುದು ಇದಕ್ಕೆ ತದ್ವಿರುದ್ಧ. 20 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯುತ್ತದೆ ಅಂತ ಮುನ್ಸೂಚನೆ ಬಂದರೆ ಹಿಂದಿನ ದಿನವೇ ಪಂಪ್ ನಿಲ್ಲಿಸಿ ಪ್ಯಾಡ್, ಅಂದರೆ ಪಂಪ್, ಫಿಲ್ಟರ್, ಹೀಟರ್ ಕೂತಿರುವ ಕಟ್ಟೆಯ ಮೇಲಿನ ನೀರನ್ನೆಲ್ಲ ಖಾಲಿ ಮಾಡುತ್ತೇನೆ. "ಮತ್ತೆ ಪ್ರೈಮ್ ಆಗಲ್ಲ (ಪಂಪ್ ನೀರು ಎಳೆಯಲ್ಲ), ಸೀಲ್ ಒಣಗಿಹೋಗುತ್ತೆ" ಅಂದವರೇ ಎಲ್ಲ. ಆಮೇಲೆ ಬಂದ ಯಾವ ಚಳಿಗೂ ನನ್ನ ಪ್ಯಾಡಿನಲ್ಲಿ ಒಂದು ಬಿರುಕೂ ಬಿದ್ದಿಲ್ಲ. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ಜನರೇಟರ್ ದಾರಿಯನ್ನೂ ನೋಡಿದ್ದಾಯಿತು. ಅಂಗಡಿಯಲ್ಲಿ ಸಿಗುವ 2,000 ವ್ಯಾಟ್‌ನ ಪುಟ್ಟ ಜನರೇಟರ್ ಕೊಡುವುದು 120 ವೋಲ್ಟ್. ಪಂಪ್ ಕೇಳುವುದು 230. ಹೊಂದುವಂಥದ್ದಕ್ಕೆ ಸಾವಿರಾರು ಡಾಲರ್. ಹೊದಿಕೆ ಸುತ್ತಿ ಬಲ್ಬ್ ಇಡುವುದಕ್ಕೂ ಕರೆಂಟೇ ಬೇಕು. ಟವೆಲ್ ಸುತ್ತಿದರೆ ಅದೇ ಒದ್ದೆಯಾಗಿ ಮರಗಟ್ಟುತ್ತದೆ.

ಕೆಲಸ ಶುರುವಾಗುವುದು ಬ್ರೇಕರ್‌ನಿಂದ. ಟೈಮರ್ ಆಫ್ ಮಾಡಿದರೆ ಸಾಲದು: 35–38 ಫ್ಯಾರನ್‌ಹೀಟ್ ಹತ್ತಿರ ಫ್ರೀಜ್ ಸೆನ್ಸರ್ ತಾನಾಗಿ ಪಂಪ್ ಚಾಲೂ ಮಾಡುತ್ತದೆ, ನೀರಿಲ್ಲದ ಪಂಪ್ ಸ್ವಲ್ಪ ಹೊತ್ತಿನಲ್ಲೇ ಸೀಲ್ ಸುಟ್ಟುಕೊಳ್ಳುತ್ತದೆ. ಹೀಟರಿನ ಗ್ಯಾಸನ್ನೂ ಮುಚ್ಚಿ. ಫಿಲ್ಟರಿನ ಮೇಲಿನ ಏರ್ ರಿಲೀಫ್ (ಗಾಳಿ ಬಿಡುವ ವಾಲ್ವ್) ತೆರೆದು, ತಳದ ಪ್ಲಗ್ ಬಿಚ್ಚಿ. ಪಂಪಿಗೆ ಸಾಮಾನ್ಯವಾಗಿ ಎರಡು ಪ್ಲಗ್, ಬುಟ್ಟಿಯ ಕೆಳಗೊಂದು, ನೀರು ತಳ್ಳುವ ಚಕ್ರ ಇಂಪೆಲ್ಲರ್ ಕಡೆಗೊಂದು. ಎರಡನೆಯದನ್ನು ಬಿಟ್ಟರೆ ಒಡೆಯುವುದು ಅಲ್ಲೇ. ಕ್ಲೀನರ್‌ಗೆ ಬೂಸ್ಟರ್ ಪಂಪ್ ಇದ್ದರೆ ಅದನ್ನೂ ಬಸಿಯಬೇಕು, ಬಹಳ ಜನ ಮರೆಯುವುದು ಅದನ್ನೇ. ಪ್ರೆಷರ್ ಗೇಜ್ ಬಿಚ್ಚಿ ಮನೆಯೊಳಗೆ ತನ್ನಿ. ಉಪ್ಪುನೀರಿನಿಂದ ಕ್ಲೋರಿನ್ ಮಾಡುವ ಸಾಲ್ಟ್ ಸೆಲ್ಲೂ ಒಳಗೆ ಬರಲಿ, ತಣ್ಣೀರಿನಲ್ಲಿ ಅದು ಹೇಗೂ ಕ್ಲೋರಿನ್ ಮಾಡುವುದಿಲ್ಲ. ಬಿಚ್ಚಿದ ಪ್ಲಗ್‌ಗಳೆಲ್ಲ ಪಂಪಿನ ಬುಟ್ಟಿಯಲ್ಲೇ ಇರಲಿ.

ಮೂರು ದಾರಿಯ ವಾಲ್ವ್‌ಗಳನ್ನು ಅರ್ಧಕ್ಕೆ ತಿರುಗಿಸಿಡಬೇಕು, ಪೂರ್ತಿ ಒಂದು ಕಡೆ ಇಟ್ಟರೆ ಒಳಗೆ ನೀರು ಸಿಕ್ಕಿಕೊಳ್ಳುತ್ತದೆ. ಈ ಮಾತು ಪೂಲಿನ ನೀರಿನ ಮಟ್ಟಕ್ಕಿಂತ ಪ್ಯಾಡ್ ಎತ್ತರದಲ್ಲಿದ್ದರೆ ಮಾತ್ರ. ತಗ್ಗಿನಲ್ಲಿದ್ದರೆ ಪೂಲಿನ ಕಡೆಯ ವಾಲ್ವ್ ಮೊದಲು ಮುಚ್ಚಿ, ಇಲ್ಲವಾದರೆ ಪೂಲೇ ಅಂಗಳಕ್ಕೆ ಬರುತ್ತದೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಿಂದೆ ನಿಂತ ನೀರು ತಾನಾಗಿ ಇಳಿಯುವುದಿಲ್ಲ. ಶಾಪ್ ವ್ಯಾಕ್‌ನ (ನೀರನ್ನೂ ಎಳೆಯುವ ದೊಡ್ಡ ವ್ಯಾಕ್ಯೂಮ್) ಊದುವ ಬಾಯಿ ಹಿಡಿದು, ಪೂಲಿನಲ್ಲಿ ಗುಳ್ಳೆ ಏಳುವ ತನಕ ಊದಿ. ಹೀಟರಿನ ಹೆಡರ್‌ನಲ್ಲಿ (ನೀರು ಒಳಹೊರಗೆ ಹೋಗುವ ಭಾಗ) ಉಳಿಯುವ ಕೊನೆಯ ಅರ್ಧ ಲೋಟ ನೀರಿಗೆ ನನ್ನದೊಂದು ಉಪಾಯವಿದೆ. ಅದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುವುದರಿಂದ ಇಲ್ಲಿ ಬರೆಯುವುದಿಲ್ಲ.

ಪೂಲಿಗೆ ಅಲಂಕಾರದ ಜಲಪಾತ ಇದ್ದರೆ ಅದರ ಪೈಪಿನ ತಗ್ಗುಗಳಿಗೆ ಊದಿದ ಮೇಲೆ ಆರ್‌ವಿಗೆ (ಮನೆಯಂಥ ಪ್ರವಾಸಿ ವಾಹನ) ಹಾಕುವ ಗುಲಾಬಿ ಬಣ್ಣದ ಆಂಟಿಫ್ರೀಜ್, ಎರಡು ಮೂರು ಗ್ಯಾಲನ್ ಸಾಕು. ಅದು ಪ್ರೊಪಿಲೀನ್ ಗ್ಲೈಕಾಲ್. ಕಾರಿನ ಎಥಿಲೀನ್ ಗ್ಲೈಕಾಲ್ ವಿಷ, ಪೂಲಿನ ಹತ್ತಿರವೂ ಸುಳಿಯಬಾರದು. ಮೊದಲು ಊದದೆ ಸುರಿದರೆ ನೀರಿಗೆ ಬೆರೆತು ತೆಳುವಾಗಿ ದುಡ್ಡು ದಂಡ.

ಸಾಲ್ಟ್ ಪೂಲ್ ಹೆಪ್ಪುಗಟ್ಟುವುದಿಲ್ಲ ಅನ್ನುವ ನಂಬಿಕೆ ಬಿಟ್ಟುಬಿಡಿ. ಲೀಟರಿಗೆ ಮೂರು ಗ್ರಾಂ ಉಪ್ಪು ಹೆಪ್ಪುಗಟ್ಟುವ ಬಿಂದುವನ್ನು ಇಳಿಸುವುದು ಸೆಲ್ಸಿಯಸ್ ಲೆಕ್ಕದಲ್ಲಿ 0.2 ಡಿಗ್ರಿ, ಅಷ್ಟೇ. ಪೂಲಿನ ಅಂಚಿನಲ್ಲಿ ಕಸ ಎಳೆದುಕೊಳ್ಳುವ ಬಾಯಿ ಸ್ಕಿಮ್ಮರ್‌, ಅದು ಒಡೆಯದಂತೆ ಏನು ಹಾಕಬೇಕು ಅಂತಲೂ ಪರೀಕ್ಷೆ ಮಾಡಿದೆ. ಈಜುವಾಗ ಹಿಡಿಯುವ ಉದ್ದದ ಫೋಮ್ ನೂಡಲ್ ಗಡ್ಡೆಯ ಮೇಲಕ್ಕೆ ತೇಲಿಬಂತು. ಕಾಲು ಭಾಗ ಜಲ್ಲಿ ತುಂಬಿ ಮುಚ್ಚಳ ಬಿಗಿದ ಒಂದು ಲೀಟರ್ ಬಾಟಲಿ ನೆಟ್ಟಗೆ ನಿಂತು, ಹಿಗ್ಗುವ ಗಡ್ಡೆಗೆ ತಾನು ಚಪ್ಪಟೆಯಾಗಿ ಸ್ಕಿಮ್ಮರ್ ಉಳಿಸಿತು. ಮೇಲಿನ ಗಡ್ಡೆಯನ್ನು ಸುತ್ತಿಗೆಯಿಂದ ಒಡೆಯಬೇಡಿ, ಆ ಏಟು ಪ್ಲಾಸ್ಟರ್‌ಗೂ ಟೈಲ್‌ಗೂ ತಾಗುತ್ತದೆ.

ಪೂಲಿಗೆ ತಾನಾಗಿ ನೀರು ತುಂಬಿಸುವ ಆಟೋ ಫಿಲ್‌ನ ನೀರಿನ ವಾಲ್ವ್ ಮುಚ್ಚಿ, ಅದರ ಮೇಲಿರುವ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಹಿತ್ತಾಳೆಯ ಬ್ಯಾಕ್‌ಫ್ಲೋ ಬಸಿಯುವುದೂ ಇದೇ ಹೊತ್ತಿಗೆ.

ಖರ್ಚು: ಶಾಪ್ ವ್ಯಾಕ್ ಎಂಬತ್ತು ಡಾಲರ್, ಓ-ರಿಂಗು, ಪ್ಲಗ್ಗು, ಆಂಟಿಫ್ರೀಜ್ ಸೇರಿ ಇನ್ನೊಂದು ಅರವತ್ತು. ಪಂಪ್, ಫಿಲ್ಟರ್, ಹೀಟರ್ ಹೊಸದಾಗಿ ಹಾಕಿಸಿದರೆ ಐದಾರು ಸಾವಿರಕ್ಕೆ ಕಡಿಮೆಯಿಲ್ಲ. ಕೈ ಪಳಗಿದ ಮೇಲೆ ಹೆಚ್ಚೆಂದರೆ ಒಂದು ಗಂಟೆಯ ಕೆಲಸ.

ಮತ್ತೆ ಚಾಲೂ ಮಾಡುವಾಗ ಪ್ಲಗ್‌ಗಳನ್ನು ಕೈಯಲ್ಲೇ ಬಿಗಿಯಿರಿ. ಸ್ಪ್ಯಾನರ್ ಹಾಕಿದರೆ ಚಳಿಯಲ್ಲಿ ಬಿರುಸಾದ ಪ್ಲಾಸ್ಟಿಕ್ ಸೀಳುತ್ತದೆ. ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ; ವ್ಯಾಸಲೀನ್ ರಬ್ಬರನ್ನು ಉಬ್ಬಿಸುತ್ತದೆ. ಮೆದುಗೊಳವೆಯಿಂದ ಪಂಪಿನ ಬುಟ್ಟಿ ತುಂಬ ನೀರು ತುಂಬಿಸಿ ಮುಚ್ಚಳ ಹಾಕಿ, ಏರ್ ರಿಲೀಫ್ ತೆರೆದಿಟ್ಟು ಬ್ರೇಕರ್ ಹಾಕಿ. ಪ್ರೈಮ್ ಹಿಡಿಯಲು ಎರಡು ಮೂರು ನಿಮಿಷ. ಏರ್ ರಿಲೀಫ್‌ನಿಂದ ನೀರು ಸಲೀಸಾಗಿ ಚಿಮ್ಮಿದ ಮೇಲೆ ಅದನ್ನು ಮುಚ್ಚಿ, ಪೈಪು ಜೋಡಿಸುವ ಯೂನಿಯನ್‌ಗಳ ಕೆಳಗೆ ಒಣ ಕಾಗದ ಹಿಡಿದು ಸೋರಿಕೆ ನೋಡಿ, ಆಮೇಲಷ್ಟೇ ಹೀಟರಿನ ಗ್ಯಾಸ್.