ಮಾಳಿಗೆ ಮನೆ ಸೋರಿದರೆ ಸಿಮೆಂಟ್ ತರಬೇಡಿ

ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ ಮಣ್ಣಿನ ಮಾಳಿಗೆ ಮನೆಗಳು, ಅಂದರೆ ಜಂತಿಗಳ (ಅಡ್ಡ ತೊಲೆಗಳ) ಮೇಲೆ ಮಣ್ಣು ಹಾಕಿದ ಚಪ್ಪಟೆ ಚಾವಣಿಯವು, ಇನ್ನೂ ಒಂದಷ್ಟಿವೆ. ನಮ್ಮದೂ ಒಂದು. ಹಿಂದಿನ ಗೋಡೆ ಉದುರುತ್ತಿದೆ ಅಂತ ಎಂಟು ವರ್ಷದ ಕೆಳಗೆ ಗೌಂಡಿಯನ್ನು ಕರೆಸಿ ಸಿಮೆಂಟ್ ಹೊಡೆಸಿದೆ. ದೊಡ್ಡಪ್ಪ ನೋಡಿ, "ಏನ್ ತಮ್ಮಾ, ಗ್ವಾಡಿಗೆ ಪ್ಲಾಸ್ಟಿಕ್ ಅಂಗಿ ಹೊಲಿಸಿದೇನು?" ಅಂದರು. ಎರಡೇ ಮಳೆಗಾಲ. ಸಿಮೆಂಟು ಹಪ್ಪಳದಂತೆ ಎದ್ದು, ಮಣ್ಣನ್ನೂ ಕಿತ್ತುಕೊಂಡು ಬಿತ್ತು. ನೆಲದಿಂದ ಏರಿದ ತೇವ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಈಗ ಅಲ್ಲಿ ಸುಣ್ಣದ ಗಾರೆ ಇದೆ.

ರಿಪೇರಿಗೆ ಮೊದಲು ಮನೆಯ ವಯಸ್ಸು ಹುಡುಕಿ. ನಮ್ಮ ಕಡೆ 1948ರವರೆಗೆ ನಿಜಾಮರ ಆಳ್ವಿಕೆ, ಹಾಗಾಗಿ ಹಳೇ ಕಾಗದ ಉರ್ದುವಿನಲ್ಲಿರುತ್ತವೆ. ಓದಬಲ್ಲ ಹಿರಿಯರನ್ನು ಹಿಡಿಯಿರಿ. ಅದರಲ್ಲಿರುವ ಫಸಲಿ ವರ್ಷಕ್ಕೆ (ಆಗಿನ ಕಂದಾಯ ಲೆಕ್ಕದ ವರ್ಷ) 590 ಕೂಡಿಸಿದರೆ ಇಸವಿ ಹೆಚ್ಚುಕಮ್ಮಿ ಸಿಗುತ್ತದೆ. ನಮ್ಮ ಕಾಗದದಲ್ಲಿ 1322 ಇತ್ತು, ಅಂದರೆ 1912ರ ಸುಮಾರು.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಡೆಡಂ ಊರಿನಲ್ಲಿ ಫೇರ್‌ಬ್ಯಾಂಕ್ಸ್ ಮನೆತನದ ಮರದ ಮನೆಯಿದೆ. ಕಾಗದ ಅಲ್ಲ, ತೊಲೆಗಳ ಮರದೊಳಗೆ ವರ್ಷಕ್ಕೊಂದರಂತೆ ಮೂಡಿದ ಬಳೆಯಂಥ ಗೆರೆ ನೋಡಿಯೇ ಅದು 1640ರ ಆಸುಪಾಸಿನದು ಅಂತ ಹೇಳಿದ್ದಾರೆ. ಎಂಟು ತಲೆಮಾರು ಅಲ್ಲೇ ಬಾಳಿದರು. ಬೇಕಾದಾಗ ಪಕ್ಕಕ್ಕೆ ಕೋಣೆ ಸೇರಿಸಿದರು, ಹಳೆಯದನ್ನು ಕೆಡವಲಿಲ್ಲ. 1904ರಿಂದ ಅದು ಮನೆತನದವರ ಸಂಘದ ಕೈಯಲ್ಲಿದೆ. ನಮ್ಮಲ್ಲಿ ಪಾಲಾದ ಮರುದಿನವೇ ಪಡಸಾಲೆಗೆ ಅಡ್ಡಗೋಡೆ ಎದ್ದಿರುತ್ತದೆ, ಅಲ್ವಾ?

ಇನ್ನು ಮಾಳಿಗೆ. ಇದೇ ದೊಡ್ಡ ಕೆಲಸ, ಮುಂಗಾರಿಗೆ ಮೊದಲೇ ಮುಗಿಯಬೇಕು. ಬೇಕಾದದ್ದು ಸವಳು ಮಣ್ಣು. ಅದರ ಉಪ್ಪಿನಂಶದಿಂದ ಮಣ್ಣಿನ ನುಣ್ಣನೆಯ ಕಣಗಳು ಬಿಡಿಸಿಕೊಂಡು ಸಂದುಗಳನ್ನು ಮುಚ್ಚುತ್ತವೆ, ನೀರು ಇಳಿಯಲ್ಲ. ಪರೀಕ್ಷೆ ಸುಲಭ. ಒಂದು ಮುದ್ದೆ ಕಲಸಿ, ಬಟ್ಟಲಿನ ಹಾಗೆ ಗುಂಡಿ ಮಾಡಿ, ನೀರು ತುಂಬಿ ರಾತ್ರಿ ಬಿಡಿ. ಬೆಳಿಗ್ಗೆ ನೀರು ಬಹುಪಾಲು ಹಾಗೇ ಇದ್ದರೆ ತನ್ನಿ. ತಳ ಒದ್ದೆಯಾಗಿ ಬಟ್ಟಲು ಖಾಲಿಯಾಗಿದ್ದರೆ ಬೇರೆ ಕಡೆ ಅಗೆಯಿರಿ.

ಹೊಸ ಮಣ್ಣು ಹಾಕುವ ಮುಂಚೆ ಹುಲ್ಲು ಬೇರು ಸಮೇತ ತೆಗೆಯಿರಿ, ಸಡಿಲಾದ ಹಳೇ ಮಣ್ಣನ್ನೂ ಕೆರೆದು ಇಳಿಸಿ. ನಮ್ಮವರು ವರ್ಷಾ ವರ್ಷ ಸುಮ್ನೆ ಮೇಲೆ ಮೇಲೆ ಹಾಕುತ್ತಾ ಹೋಗಿ, ಭಾರ ಜಾಸ್ತಿಯಾಗಿ ನಡುಮನೆಯ ಎರಡು ಜಂತಿ ಬಾಗಿದ್ದವು. ನಾಲ್ಕು ಬೆರಳು ದಪ್ಪ ಸಾಕು. ದೋಣಿಯ (ಮಳೆನೀರು ಹೊರಗೆ ಬೀಳುವ ಕೊಳವೆ) ಕಡೆ ಇಳಿಜಾರು ಇರಲಿ. ನೀರು ಚಿಮುಕಿಸಿ ದಿಮ್ಮಸು ಹೊಡೆದು ಮಣ್ಣು ಗಟ್ಟಿ ಮಾಡಿ. ಬೆಳಕಿಂಡಿಯ ಸುತ್ತ ಮಾತ್ರ ಗಾರೆಯಲ್ಲಿ ಕಟ್ಟೆ ಎತ್ತಿ, ನಮ್ಮ ಮನೆ ಯಾವಾಗಲೂ ಸೋರಿದ್ದು ಅಲ್ಲಿಂದಲೇ.

ಜಂತಿಯನ್ನು ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಗೆದ್ದಲು. ಆ ಒಂದನ್ನು ಬದಲಿಸಿ, ಸಾಲನ್ನೆಲ್ಲ ಅಲ್ಲ.

ಮಾಡಿದ್ದನ್ನು ಬರೆದಿಡಿ. ನಾನು ಕಾಗದದ ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಕೊನೆಯ ಸಾಲು: "ಹಳ್ಳದ ದಂಡೆ ಸವಳು, 42 ಬುಟ್ಟಿ. ಅಡುಗೆಮನೆ ಮೂಲೆ ಒಂದೇ ಕಡೆ ತೊಟ್ಟಿಕ್ಕಿತು."