ಎನ್‌ಜಿಎಂಎಯಲ್ಲಿ ಒಂದು ದಿನ: ಕಡಿಮೆ ಚಿತ್ರ, ಹೆಚ್ಚು ನೋಟ

ಬೆಂಗಳೂರಿನ ಅರಮನೆ ರಸ್ತೆಯಲ್ಲಿ, ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ (ಎನ್‌ಜಿಎಂಎ) ತೆರೆದದ್ದು 2009ರಲ್ಲಿ. ಸೋಮವಾರ ರಜೆ. ವಾರದ ನಡುವೆ, ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಶನಿವಾರ, ಭಾನುವಾರ ಜನರ ಬೆನ್ನು ನೋಡುವುದೇ ಹೆಚ್ಚು. ಸಣ್ಣ ನೋಟ್‌ಬುಕ್, ಪೆನ್ಸಿಲ್ ಜೊತೆಗಿರಲಿ. ಪೆನ್ ಬೇಡ, ಶಾಯಿ ಚಿತ್ರಕ್ಕೆ ತಾಗಿದರೆ ಹೋಗುವುದಿಲ್ಲ.

ಎಲ್ಲವನ್ನೂ ನೋಡಿ ಮುಗಿಸುತ್ತೇನೆ ಎಂದು ಹೊರಟರೆ ದಿನ ಕೆಟ್ಟಿತೆಂದೇ ಲೆಕ್ಕ. ಒಂದೂವರೆ ಗಂಟೆ ದಾಟಿದರೆ ಕಾಲಿಗಿಂತ ಮೊದಲು ಕಣ್ಣು ಸೋಲುತ್ತದೆ. ಆಮೇಲೆ ಎಲ್ಲ ಚಿತ್ರವೂ ಒಂದೇ ಥರ. ಮೊದಲ ಇಪ್ಪತ್ತು ನಿಮಿಷ ನಿಲ್ಲದೆ ಒಂದು ಸುತ್ತು ಹಾಕಿ, ಕಾಲು ತಡೆದ ಐದಾರು ಚಿತ್ರ ಗುರುತು ಮಾಡಿಕೊಂಡು ಅವುಗಳ ಮುಂದೆ ತಲಾ ಹತ್ತು ನಿಮಿಷ ನಿಲ್ಲಿ. ಗೋಡೆಯ ಮೇಲಿನ ಕೃತಿಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಮನೆಯಲ್ಲೇ ಪಟ್ಟಿ ಮಾಡಿಕೊಂಡು ಹೋಗುವುದು ವ್ಯರ್ಥ.

ಲೇಬಲ್ ಮೊದಲೇ ಓದಬೇಡಿ. ಹೆಸರು ಕಂಡ ಕೂಡಲೇ ಕಣ್ಣು ಕೆಲಸ ನಿಲ್ಲಿಸಿ ಗೌರವ ಸಲ್ಲಿಸಲು ಶುರುಮಾಡುತ್ತದೆ. ಚಿತ್ರದ ಕರ್ಣದ (ಮೂಲೆಯಿಂದ ಎದುರು ಮೂಲೆಗಿನ ಅಳತೆ) ಒಂದೂವರೆ ಪಟ್ಟು ದೂರದಲ್ಲಿ ನಿಂತು ಇಡಿಯಾಗಿ ನೋಡಿ. ಆಮೇಲೆ ಎರಡಡಿಯಷ್ಟು ಹತ್ತಿರ ಬನ್ನಿ. ತೈಲವರ್ಣವಾದರೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ: ದಪ್ಪ ಬಣ್ಣದ ಏಣುಗಳು, ಕುಂಚ ಹೋದ ದಿಕ್ಕು, ಕಲಾವಿದ ಮನಸ್ಸು ಬದಲಿಸಿ ಮುಚ್ಚಿದ ಗೆರೆಯ ಉಬ್ಬು ಆಗ ಕಾಣುತ್ತವೆ. ಫೋನಿನ ಫೋಟೊದಲ್ಲಿ ಮೊದಲು ಮಾಯವಾಗುವುದೇ ಇದು. ಬಂಗಾಳದ ಕಲಾವಿದ ಜಾಮಿನಿ ರಾಯ್ ಅವರ ಟೆಂಪೆರಾದಲ್ಲಿ (ಅಂಟು ಬೆರೆಸಿದ ಬಣ್ಣದ ಚಿತ್ರ) ಹುಡುಕಬೇಕಾದ್ದು ಬೇರೆ: ಬಣ್ಣ ಸಪಾಟು, ಎಲ್ಲ ಭಾರ ಆ ಕಪ್ಪು ಹೊರಗೆರೆಯ ಮೇಲೆ. ಅದು ಎಲ್ಲಿ ದಪ್ಪವಾಗಿ ಎಲ್ಲಿ ತೆಳುವಾಗುತ್ತದೆ ಎಂದು ಕಣ್ಣಿನಲ್ಲೇ ಹಿಂಬಾಲಿಸಿ. ಸಾಧ್ಯವಾದರೆ ಪೆನ್ಸಿಲ್‌ನಲ್ಲಿ ಬರೆದೂ ನೋಡಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ, ಕೈ ಗೆರೆಯನ್ನು ಅನುಸರಿಸಿದರೆ ಸಾಕು. ಕೊನೆಗೆ ಲೇಬಲ್: ಇಸವಿ, ಮಾಧ್ಯಮ ಎರಡನ್ನು ಮಾತ್ರ ಬರೆದುಕೊಳ್ಳಿ.

ಜಲವರ್ಣ, ಕಾಗದದ ಕೃತಿಗಳಿರುವ ಕಡೆ ಬೆಳಕು ಮಂದ. ಹೆಚ್ಚು ಬೆಳಕಿಗೆ ಬಣ್ಣ ಮಾಸುತ್ತದೆಂದು ಸುಮಾರು 50 ಲಕ್ಸ್‌ಗೆ (ಲಕ್ಸ್ ಎಂದರೆ ಬೆಳಕಿನ ಅಳತೆ) ಇಳಿಸಿಡುವುದು ಸಂಗ್ರಹಾಲಯಗಳ ರೂಢಿ. ಹೊರಗಿನ ಬಿಸಿಲಿನಿಂದ ನೇರ ಅಲ್ಲಿಗೆ ನುಗ್ಗಿದರೆ ಏನೂ ಕಾಣದು. ಐದು ನಿಮಿಷ ಕಣ್ಣು ಹೊಂದಿಕೊಳ್ಳಲಿ. ಗಾಜು ಹೊಳೆದರೆ ಒಂದು ಹೆಜ್ಜೆ ಪಕ್ಕಕ್ಕೆ. ಹಿಂದೆ ಸರಿಯುವಾಗ ತಿರುಗಿ ನೋಡಿಯೇ ಸರಿಯಿರಿ, ಬೆನ್ನ ಹಿಂದೆ ಶಿಲ್ಪವಿರಬಹುದು.

ಮಧ್ಯಾಹ್ನ ಅಂಗಳದ ಮರಗಳ ಕೆಳಗೆ ಒಂದು ಗಂಟೆಯಾದರೂ ಕೂತು, ಊಟ ಮುಗಿಸಿ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಆಟೊ ಹಿಡಿಯಿರಿ. ಅಲ್ಲಿ ಮೈಸೂರು ಶೈಲಿಯ ಚಿತ್ರ, ತೊಗಲುಗೊಂಬೆಗಳನ್ನು ಮೊದಲು ನೋಡಿ, ಆಮೇಲೆ ರಷ್ಯಾ ಮೂಲದ ಕಲಾವಿದ ರೋರಿಕ್ ಚಿತ್ರಗಳಿಗೆ ಹೋಗಿ. ಬೆಳಗ್ಗೆ ಜಾಮಿನಿ ರಾಯ್ ಸಿಕ್ಕಿದ್ದರೆ, ತೊಗಲುಗೊಂಬೆಯ ಹೊರಗೆರೆ ಈಗ ಬೇರೆಯೇ ಆಗಿ ಕಾಣುತ್ತದೆ.